‘ಡೂಪ್ ಇಲ್ಲದೆ’ ಅನ್ನುವುದು ಹೊಗಳಿಕೆಯಲ್ಲ

ಸಿನಿಮಾ ಪುಟಗಳಲ್ಲಿ ಪದೇ ಪದೇ ಕಾಣುವ ಸಾಲೊಂದಿದೆ: ‘ಡೂಪ್ ಬಳಸದೆ ಸ್ವತಃ ಸಾಹಸ ಮಾಡಿದ ನಾಯಕ’. ಪಕ್ಕದಲ್ಲಿ ಹಗ್ಗಕ್ಕೆ ಜೋತುಬಿದ್ದ ಹೀರೊ ಫೋಟೊ. ಅಭಿಮಾನಿಗಳಿಗೆ ಹೆಮ್ಮೆ, ನಿರ್ಮಾಪಕರಿಗೆ ಪುಕ್ಕಟೆ ಪ್ರಚಾರ, ಪತ್ರಿಕೆಗೂ ಒಂದು ಸುದ್ದಿ. ಚೆನ್ನೈನ ಸಾಲಿಗ್ರಾಮದಲ್ಲಿ ಕೂತು ಅದನ್ನು ಓದುವ ನನಗೆ ಮಾತ್ರ ಪ್ರತಿಸಲವೂ ಮೈ ಉರಿಯುತ್ತದೆ. ಅಡುಗೆ ಭಟ್ಟರನ್ನು ಕರೆಸದೆ ಮಗಳ ಮದುವೆ ಮಾಡಿದೆ ಅಂತ ಜಂಬ ಕೊಚ್ಚಿಕೊಳ್ಳುವವರನ್ನು ಎಲ್ಲಾದರೂ ಕಂಡಿದ್ದೀರಾ? ಕಸುಬು ಬಲ್ಲವನನ್ನು ದೂರ ಇಟ್ಟದ್ದೇ ದೊಡ್ಡಸ್ತಿಕೆ ಎಂದು ನಾವು ಒಪ್ಪಿಕೊಂಡಿರುವುದು ಸಿನಿಮಾದಲ್ಲಿ ಮಾತ್ರ.

ನಾನು ಮಂಡ್ಯ ಕಡೆಯವನು. ಕನ್ನಡ ಚಿತ್ರಗಳು ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಕಾಲದ ಕೊನೆಯಲ್ಲಿ ಇಲ್ಲಿಗೆ ಬಂದು, ಪ್ರೊಡಕ್ಷನ್ ಮ್ಯಾನೇಜರ್ ಕೈಕೆಳಗೆ ವೋಚರ್ ಬರೆಯುವ ಕೆಲಸಕ್ಕೆ ಸೇರಿ, ಮುಂದೆ ನಾನೇ ಮ್ಯಾನೇಜರ್ ಆದವನು. 1954ರ ‘ಬೇಡರ ಕಣ್ಣಪ್ಪ’ ತಯಾರಾದದ್ದು ಈ ಊರಿನಲ್ಲೇ. ರಾಜ್‌ಕುಮಾರ್ ಅವರ ಮಕ್ಕಳು ಶಿವಣ್ಣ, ಅಪ್ಪು ಹುಟ್ಟಿದ್ದೂ ಈ ಊರಲ್ಲೇ. ನಮ್ಮ ಚಿತ್ರರಂಗ ಬೆಂಗಳೂರಿಗೆ ಗಂಟುಮೂಟೆ ಕಟ್ಟಿದ ಮೇಲೂ ಫೈಟಿಗೆ ಮಾತ್ರ ಕೋಡಂಬಾಕ್ಕಂ, ವಡಪಳನಿ ಕಡೆ ನೋಡುವುದು ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ. ‘ಕೆಜಿಎಫ್’ ಎರಡೂ ಭಾಗಗಳ ಹೊಡೆದಾಟದ ಹಿಂದೆ ಇರುವ ಅನ್ಬರಿವ್ ಎಂಬ ಅವಳಿ ಸೋದರರು ಚೆನ್ನೈನವರು.

ಪ್ರಶಸ್ತಿಯ ಲೆಕ್ಕ ತೆಗೆದರೆ ಕನ್ನಡಕ್ಕೆ ಹೆಮ್ಮೆಪಡಲು ಕಾರಣ ಇದೆ. ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಶುರುವಾದದ್ದು 64ನೇ ಸಾಲಿನಲ್ಲಿ, ಮೊದಲು ಪಡೆದವರು ಮಲಯಾಳದ ‘ಪುಲಿಮುರುಗನ್’ ಚಿತ್ರಕ್ಕೆ ಪೀಟರ್ ಹೇನ್. ಅಲ್ಲಿಂದ 70ನೇ ಸಾಲಿನವರೆಗೆ ಏಳು ಪ್ರಶಸ್ತಿಗಳಲ್ಲಿ ಮೂರು ಕನ್ನಡ ಚಿತ್ರಗಳ ಪಾಲಾದವು: ‘ಕೆಜಿಎಫ್’ ಮೊದಲ ಭಾಗ, ‘ಅವನೇ ಶ್ರೀಮನ್ನಾರಾಯಣ’, ‘ಕೆಜಿಎಫ್’ ಎರಡನೇ ಭಾಗ. ಅಮೆರಿಕದ ಆಸ್ಕರ್ ಅಕಾಡೆಮಿ ಈಗ ಕಣ್ಣು ಬಿಟ್ಟು, 2028ರ ನೂರನೇ ಸಮಾರಂಭದಿಂದ ಸ್ಟಂಟ್ ವಿನ್ಯಾಸಕ್ಕೆ ಪ್ರಶಸ್ತಿ ಕೊಡುವುದಾಗಿ 2025ರಲ್ಲಿ ಪ್ರಕಟಿಸಿತು. ಈ ವಿಷಯದಲ್ಲಿ ನಾವು ಹಾಲಿವುಡ್‌ಗಿಂತ ಹತ್ತು ವರ್ಷ ಮುಂದಿದ್ದೇವೆ. ಆದರೆ ಇಲ್ಲಾಗಲಿ ಅಲ್ಲಾಗಲಿ ಪ್ರಶಸ್ತಿ ಹೋಗುವುದು ಸಾಹಸವನ್ನು ಯೋಜಿಸಿದ ಮಾಸ್ಟರಿಗೆ. ಮಾಳಿಗೆಯಿಂದ ಬಿದ್ದವನ ಹೆಸರು ಯಾರಿಗೂ ಗೊತ್ತಿಲ್ಲ.

ನಾನು ಬರೆದ ವೋಚರುಗಳಲ್ಲೂ ಆ ಹೆಸರಿಗೆ ಜಾಗ ಇರಲಿಲ್ಲ. ಲೈಟ್‌ಬಾಯ್‌ಗಳ ಸಾಲು, ಮೇಕಪ್ ಸಾಲು, ಊಟದ ಸಾಲು ಆದಮೇಲೆ ‘ಫೈಟರ್ಸ್’ ಅಂತ ಒಂದು ಸಾಲು. ಎಷ್ಟು ಜನ, ತಲೆಗೆಷ್ಟು ಬಾಟಾ (ದಿನಭತ್ಯೆ), ಒಟ್ಟು ಎಷ್ಟು. ಕೆಳಗೆ ‘ಡೂಪ್’ ಅಂತ ಇನ್ನೊಂದು ಸಾಲು. ಅದರ ಪಕ್ಕದಲ್ಲೇ ಬಾಡಿಗೆ ಹಾಸಿಗೆ, ಅಟ್ಟೆಪೆಟ್ಟಿಗೆ, ಹಗ್ಗ. ಮನುಷ್ಯನೂ ಸಾಮಾನೂ ಒಂದೇ ಕಾಗದದಲ್ಲಿ. ಸಹಿ ಹಾಕಿ ಒಟ್ಟಾಗಿ ಹಣ ಪಡೆಯುತ್ತಿದ್ದವರು ಮಾಸ್ಟರ್ ಕಡೆಯವರು.

ಆ ಅಟ್ಟೆಪೆಟ್ಟಿಗೆಯ ವಿಷಯ ಸ್ವಲ್ಪ ಹೇಳಬೇಕು. ಮೂವತ್ತು ಅಡಿ ಮೇಲಿಂದ ಬೀಳುವ ಶಾಟ್ ಇದ್ದರೆ ಕೆಳಗೆ ಖಾಲಿ ರಟ್ಟಿನ ಡಬ್ಬಗಳನ್ನು ಸಾಲುಸಾಲಾಗಿ ಪೇರಿಸುತ್ತಾರೆ. ಡಬ್ಬದೊಳಗೆ ಏನೂ ತುಂಬುವುದಿಲ್ಲ. ಗಾಳಿಯೇ ಅದರ ಬಲ. ಮೈ ಬಿದ್ದ ಹೊಡೆತಕ್ಕೆ ಡಬ್ಬಗಳು ಒಂದೊಂದಾಗಿ ಕುಸಿದು ವೇಗವನ್ನು ನುಂಗಬೇಕು. ಪೇರಿಸಿದ್ದು ಪಕ್ಕಕ್ಕೆ ಜರುಗದಂತೆ ಸುತ್ತಲೂ ಹಗ್ಗ ಬಿಗಿದು, ಮೇಲೆ ಹಾಸಿಗೆ ಹಾಸುತ್ತಾರೆ. ಅನುಭವಸ್ಥ ಫೈಟರ್ ಈ ಕೆಲಸವನ್ನು ಸೆಟ್ ಹುಡುಗರಿಗೆ ಬಿಡುವುದಿಲ್ಲ. ತಾನೇ ನಿಂತು ಜೋಡಿಸುತ್ತಾನೆ, ಅಂಗೈಯಿಂದ ಒತ್ತಿ ನೋಡುತ್ತಾನೆ, ಒದ್ದೆಯಾದ ಡಬ್ಬ ಸಿಕ್ಕಿದರೆ ಕಿತ್ತು ಎಸೆಯುತ್ತಾನೆ. ಆಮೇಲೆ ಮೇಲೆ ಹತ್ತಿ, ಅಂಚಿನಲ್ಲಿ ನಿಂತು ಕೆಳಗೆ ನೋಡಿ, ಇಳಿದು ಬಂದು ಒಂದು ಅಡಿ ಈಚೆಗೆ ಸರಿಸಿ ಅನ್ನುತ್ತಾನೆ. ಕ್ಯಾಮೆರಾದವನು ಗೊಣಗುತ್ತಾನೆ, ಫ್ರೇಮಿಗೆ ಡಬ್ಬ ಬರುತ್ತದೆ ಅಂತ. ಈ ಜಗ್ಗಾಟದಲ್ಲಿ ಫೈಟರ್ ಗೆದ್ದ ದಿನ ಎಲ್ಲ ಸುಸೂತ್ರ.

ಹಗ್ಗದ ಶಾಟಿನಲ್ಲಿ ಈ ಅನುಕೂಲವೂ ಇಲ್ಲ. ಬೆಲ್ಟು ಸೊಂಟಕ್ಕೆ ಕಟ್ಟಿಕೊಂಡವನು ಗಾಳಿಯಲ್ಲಿ, ಹಗ್ಗದ ಇನ್ನೊಂದು ತುದಿ ಹಿಡಿದು ಓಡುವ ಜನ ನೆಲದ ಮೇಲೆ, ನಡುವೆ ಕ್ರೇನು, ರಾಟೆ. ಅವನ ಜೀವ ಅವನ ಕೈಯಲ್ಲಿ ಇರುವುದಿಲ್ಲ. ಶಾಟಿಗೆ ಮುಂಚೆ ಕರ್ಪೂರ ಹಚ್ಚಿ, ಬೂದುಗುಂಬಳಕಾಯಿ ಒಡೆದು, ‘ರೆಡಿಯಾ?’ ಅಂತ ಕೂಗುತ್ತಾರೆ. ರೆಡಿ ಇಲ್ಲ ಎಂದು ಹೇಳಿದವರನ್ನು ನಾನು ಹೆಚ್ಚು ನೋಡಿಲ್ಲ. ಟೀ ಅಂಗಡಿಯಲ್ಲಿ ಹಳೆಯ ಫೈಟರ್ ಒಬ್ಬರನ್ನು ಯಾಕೆ ಅಂತ ಕೇಳಿದೆ. ತಮಿಳು ಬೆರೆತ ತಮ್ಮ ಕನ್ನಡದಲ್ಲಿ ಹೇಳಿದರು: “ಮಾಸ್ಟರ್ ಮುಂದೆ ಆಗಲ್ಲ ಅಂದ್ರೆ, ಮುಂದಿನ ಪಡಕ್ಕೆ ಕಾಲ್ ಬರಲ್ಲ ಸಾರ್. ಮಾಸ್ಟರ್ ಕೆಟ್ಟೋರಲ್ಲ. ಅವ್ರು ಡೈರೆಕ್ಟರ್ ಹತ್ರ ಆಗಲ್ಲ ಅಂದ್ರೆ ಅವ್ರಿಗೂ ಬರಲ್ಲ.”

ಇದೇ ಕಸುಬನ್ನು ಬೇರೆ ರೀತಿಯಲ್ಲಿ ನಡೆಸುವ ಜನ ಇದ್ದಾರೆಂದು ನನಗೆ ತೋರಿಸಿದ್ದು ಮೊಮ್ಮಗ. ಅಗ್ನಿ ನಕ್ಷತ್ರದ ಬಿಸಿಲಿಗೆ ಮನೆಯಿಂದ ಹೊರಗೆ ಕಾಲಿಡಲಾಗದ ಮೇ ತಿಂಗಳಲ್ಲಿ ಅವನು ಟಿವಿಗೆ ಹಚ್ಚಿದ್ದು ಸ್ಕೀ ಚಿತ್ರಗಳನ್ನು. ಅಲಾಸ್ಕಾದ ಹಿಮಶಿಖರದ ತುದಿಗೆ ಹೆಲಿಕಾಪ್ಟರ್ ಒಬ್ಬನನ್ನು ಇಳಿಸಿ ಹೋಗುತ್ತದೆ. ಕಾಲಿಗೆ ಎರಡು ಹಲಗೆ. ಗೋಡೆಯಂತೆ ನೆಟ್ಟಗಿರುವ ಇಳಿಜಾರಿನಲ್ಲಿ ಅವನು ಜಾರುತ್ತಾನೆ, ಬಂಡೆಯಿಂದ ಹಾರುತ್ತಾನೆ, ಹಿಂದೆ ಹಿಮ ಕುಸಿದು ಬರುತ್ತಿರುತ್ತದೆ. ಇದು ರೇಸ್ ಅಲ್ಲ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಭಾರತದ ಪರ ಓಡುವ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಗಡಿಯಾರ ಇದೆ, ತೀರ್ಪುಗಾರರಿದ್ದಾರೆ, ಪದಕ ಇದೆ. ಈ ಫ್ರೀಸ್ಕೀಯರ್‌ಗಳಿಗೆ ಕ್ಯಾಮೆರಾವೇ ತೀರ್ಪುಗಾರ. ಚಳಿಗಾಲವಿಡೀ ಚಿತ್ರೀಕರಣ, ಮುಂದಿನ ಚಳಿಗಾಲ ಶುರುವಾಗುವ ಹೊತ್ತಿಗೆ ಊರೂರಿನ ಸಭಾಂಗಣಗಳಲ್ಲಿ ಪ್ರದರ್ಶನ. ವಾರನ್ ಮಿಲ್ಲರ್ ಎಂಬಾತ 1950ರ ಹೊತ್ತಿಗೇ ತನ್ನ ಚಿತ್ರಗಳನ್ನು ಹೊತ್ತು ಊರೂರು ತಿರುಗಿ, ಪರದೆಯ ಪಕ್ಕ ನಿಂತು ತಾನೇ ವಿವರಣೆ ಕೊಡುತ್ತಿದ್ದ. 1990ರ ದಶಕದಲ್ಲಿ ಮ್ಯಾಚ್‌ಸ್ಟಿಕ್ ಪ್ರೊಡಕ್ಷನ್ಸ್, ಟೆಟನ್ ಗ್ರಾವಿಟಿ ರಿಸರ್ಚ್‌ನಂಥ ಕಂಪನಿಗಳು ಬಂದವು. ಆ ಚಿತ್ರಗಳಲ್ಲಿ ಕಥೆ ಇಲ್ಲ, ಖಳನಾಯಕನಿಲ್ಲ, ಡೂಪ್ ಅಂತೂ ಇಲ್ಲವೇ ಇಲ್ಲ. ಹಾರಿದವನೇ ಹೀರೊ. ಪೋಸ್ಟರಿನಲ್ಲಿ ಅವನ ಹೆಸರು, ಹಲಗೆ ಮಾರುವ ಕಂಪನಿಯ ಜಾಹೀರಾತಿನಲ್ಲಿ ಅವನ ಮುಖ, ಸಂಭಾವನೆಯ ದೊಡ್ಡ ಪಾಲು ಬರುವುದೂ ಅಂಥ ಪ್ರಾಯೋಜಕರಿಂದ.

ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಶಿಖರದ ತುದಿಯಲ್ಲಿ ನಿಂತವನು ಹಿಮವನ್ನು ಪರೀಕ್ಷಿಸಿ, ಇವತ್ತು ಸರಿಯಿಲ್ಲ ಎಂದು ರೇಡಿಯೊದಲ್ಲಿ ಹೇಳಿ ಬೇರೆ ದಾರಿಯಲ್ಲಿ ಇಳಿದುಬಿಡಬಹುದು. ಹೆಲಿಕಾಪ್ಟರ್ ಬಾಡಿಗೆ ದಂಡವಾದರೂ ಅದು ಆ ಕಸುಬಿನ ಮರ್ಯಾದೆಯೊಳಗೇ ಸೇರಿದ ಮಾತು. ಪ್ರತಿಯೊಬ್ಬರ ಮೈಮೇಲೆ ಹಿಮದಡಿ ಸಿಕ್ಕಿದವರನ್ನು ಪತ್ತೆ ಮಾಡುವ ಯಂತ್ರ, ಬೆನ್ನಚೀಲದಲ್ಲಿ ಸಲಿಕೆ, ತಿವಿದು ಹುಡುಕುವ ಉದ್ದನೆಯ ಕಡ್ಡಿ. ಟೆಟನ್ ಗ್ರಾವಿಟಿಯವರು ಹಿಮಕುಸಿತದಿಂದ ಪಾರಾಗುವ ತರಬೇತಿಯನ್ನು ಸ್ಕೀಯರ್‌ಗಳಿಗಷ್ಟೇ ಅಲ್ಲ, ಕ್ಯಾಮೆರಾ ಹಿಡಿಯುವವರಿಗೂ ಕೊಡುತ್ತ ಬಂದಿದ್ದಾರೆ. ಹೂತುಹೋದವನನ್ನು ಮೊದಲು ಅಗೆದು ತೆಗೆಯಬೇಕಾದವನು ಹತ್ತಿರದಲ್ಲಿರುವ ಕ್ಯಾಮೆರಾಮನ್ನೇ ತಾನೆ.

ಹಾಗಂತ ಅದು ಸ್ವರ್ಗವೂ ಅಲ್ಲ. ಕ್ಯಾಮೆರಾ ಎದುರಿಗಿದ್ದಾಗ ಹುಟ್ಟುವ ಹುಚ್ಚು ಧೈರ್ಯ ಅವರನ್ನೂ ಬಿಟ್ಟಿಲ್ಲ. ಆ ಲೋಕದ ದೊಡ್ಡ ತಾರೆ ಶೇನ್ ಮೆಕಾಂಕಿ 2009ರ ಮಾರ್ಚ್ 26ರಂದು ಇಟಲಿಯ ಡಾಲಮೈಟ್ಸ್ ಬೆಟ್ಟದಲ್ಲಿ ಮ್ಯಾಚ್‌ಸ್ಟಿಕ್ ಚಿತ್ರಕ್ಕಾಗಿ ಪ್ರಪಾತಕ್ಕೆ ಹಾರಿದ. ಗಾಳಿಯಲ್ಲಿ ಕಳಚಬೇಕಿದ್ದ ಸ್ಕೀ ಕಳಚಲಿಲ್ಲ. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಪ್ಯಾರಾಚೂಟ್ ಬಿಚ್ಚಲು ಸಮಯ ಉಳಿಯಲಿಲ್ಲ. ಸ್ಕೀಯರ್‌ಗಳಾದ ಜೆ.ಪಿ. ಓಕ್ಲೇರ್ ಮತ್ತು ಆಂಡ್ರಿಯಾಸ್ ಫ್ರಾನ್ಸನ್ 2014ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಚಿತ್ರೀಕರಣಕ್ಕೆ ಹೋಗಿದ್ದಾಗಲೇ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಕೆನಡಾದ ಫ್ರೀಸ್ಕೀಯರ್ ಸಾರಾ ಬರ್ಕ್ ಕಥೆ ಇನ್ನೂ ಪಾಠದಂತಿದೆ. ತನ್ನ ಆಟವನ್ನು ಒಲಿಂಪಿಕ್ಸಿಗೆ ಸೇರಿಸಬೇಕೆಂದು ಹೋರಾಡಿದವರಲ್ಲಿ ಮುಂಚೂಣಿಯಲ್ಲಿದ್ದ ಆಕೆ, 2012ರ ಜನವರಿಯಲ್ಲಿ ಅಮೆರಿಕದ ಯೂಟಾದಲ್ಲಿ ತರಬೇತಿ ವೇಳೆ ಬಿದ್ದು ಒಂಬತ್ತು ದಿನಕ್ಕೆ ಕೊನೆಯುಸಿರೆಳೆದರು. ಅದು ಪ್ರಾಯೋಜಕರು ಏರ್ಪಡಿಸಿದ ಖಾಸಗಿ ಶಿಬಿರ. ಕೆನಡಾದ ಕ್ರೀಡಾ ಸಂಸ್ಥೆಯ ವಿಮೆ ಅದಕ್ಕೆ ಅನ್ವಯಿಸಲಿಲ್ಲ. ಆಸ್ಪತ್ರೆಯ ಬಿಲ್ಲಿಗಾಗಿ ಅಭಿಮಾನಿಗಳು ಆನ್‌ಲೈನ್‌ನಲ್ಲಿ ಚಂದಾ ಎತ್ತಬೇಕಾಯಿತು. ಮೂರು ಲಕ್ಷ ಡಾಲರಿಗೂ ಹೆಚ್ಚು ಕೂಡಿತು. ಜಗತ್ತಿನ ಅಗ್ರಗಣ್ಯ ಆಟಗಾರ್ತಿಯ ಮನೆಯವರಿಗೂ, ವಡಪಳನಿಯ ಫೈಟರ್ ಮನೆಯವರಿಗೂ ಆ ಹೊತ್ತಿನಲ್ಲಿ ಒಂದೇ ಗತಿ. ಇದರಿಂದ ತಿಳಿಯುವುದಿಷ್ಟು: ಹೆಸರೊಂದಿದ್ದರೆ ಸಾಲದು, ಕಾಗದವೂ ಬೇಕು.

ಹೆಸರೂ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಸ್ಕೀಯಿಂಗ್‌ನಲ್ಲೇ ಉದಾಹರಣೆ ಇದೆ. 1977ರ ಜೇಮ್ಸ್ ಬಾಂಡ್ ಚಿತ್ರ ‘ದ ಸ್ಪೈ ಹೂ ಲವ್ಡ್ ಮಿ’ಯ ಆರಂಭದಲ್ಲೇ ಬಾಂಡ್ ಸ್ಕೀ ಮೇಲೆ ಜಾರಿಬಂದು ಪ್ರಪಾತಕ್ಕೆ ಹಾರಿ, ಬ್ರಿಟನ್ ಬಾವುಟದ ಪ್ಯಾರಾಚೂಟ್ ಬಿಚ್ಚುವ ದೃಶ್ಯ ಇದೆ. ಮದ್ರಾಸಿನ ಥಿಯೇಟರಿನಲ್ಲಿ ನಾವೂ ಶಿಳ್ಳೆ ಹೊಡೆದೇ ನೋಡಿದ್ದು. ಕೆನಡಾದ ಬ್ಯಾಫಿನ್ ದ್ವೀಪದ ಅಸ್ಗಾರ್ಡ್ ಬೆಟ್ಟದಿಂದ ನಿಜವಾಗಿ ಹಾರಿದವನು ರಿಕ್ ಸಿಲ್ವೆಸ್ಟರ್. ಸಿಕ್ಕ ಸಂಭಾವನೆ 30,000 ಡಾಲರ್. ಶಿಳ್ಳೆ ಸಿಕ್ಕಿದ್ದು ಬಾಂಡ್ ಪಾತ್ರದ ರೋಜರ್ ಮೂರ್‌ಗೆ. ಮೆಕಾಂಕಿಯಂಥವರು ಮುಂದೆ ಸ್ವಂತ ಹೆಸರಿನಲ್ಲಿ ಹಾರಿ ಆ ಶಿಳ್ಳೆಯನ್ನು ತಮ್ಮದಾಗಿಸಿಕೊಂಡರು. ನಮ್ಮ ಫೈಟರ್‌ಗಳಲ್ಲಿ ಹಾಗೆ ಮೇಲೆ ಬಂದವರು ಬೆರಳೆಣಿಕೆ. ಸ್ಟಂಟ್ ಕಲಾವಿದನಾಗಿ ಕನ್ನಡಕ್ಕೆ ಬಂದು ಖಳನಾಗಿ, ನಾಯಕನಾಗಿ ಬೆಳೆದ ಟೈಗರ್ ಪ್ರಭಾಕರ್ ಅಂಥ ಒಬ್ಬರು. ಉಳಿದವರು ಸಾಯುವವರೆಗೂ ವೋಚರಿನ ಸಾಲಾಗಿಯೇ ಉಳಿದರು.

ಈಗ ‘ಡೂಪ್ ಇಲ್ಲದೆ’ ಅನ್ನುವ ಹೊಗಳಿಕೆಗೆ ತೆತ್ತ ಬೆಲೆಯನ್ನು ನೋಡೋಣ. 1980ರ ನವೆಂಬರ್ 16, ಈ ಊರಿಗೆ ಹತ್ತಿರದ ಶೋಲಾವರಂನ ಹಳೆಯ ವಿಮಾನ ನಿಲ್ದಾಣ. ಮಲಯಾಳದ ‘ಕೋಳಿಳಕ್ಕಂ’ ಚಿತ್ರಕ್ಕಾಗಿ ನಾಯಕನಟ ಜಯನ್ ಹಾರುವ ಹೆಲಿಕಾಪ್ಟರಿಗೆ ಜೋತುಬಿದ್ದರು. ಡೂಪ್ ಬೇಡ ಅನ್ನುವುದು ಅವರ ಹೆಚ್ಚುಗಾರಿಕೆ. ನಿರ್ದೇಶಕರಿಗೆ ಶಾಟ್ ಒಪ್ಪಿಗೆಯಾಗಿತ್ತು, ಇನ್ನೊಂದು ಟೇಕ್ ಬೇಕೆಂದವರು ಜಯನ್ ಅವರೇ ಎಂಬುದು ಅಂದಿನಿಂದ ಹೇಳಿಕೊಂಡು ಬಂದ ಮಾತು. ಹೆಲಿಕಾಪ್ಟರ್ ನೆಲಕ್ಕಪ್ಪಳಿಸಿತು, ಜಯನ್ ಉಳಿಯಲಿಲ್ಲ. ಮೂವತ್ತಾರು ವರ್ಷ ಕಳೆದು 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಮತ್ತೆ ಹೆಲಿಕಾಪ್ಟರ್. ‘ಮಾಸ್ತಿಗುಡಿ’ ಚಿತ್ರದ ಖಳನಟರಾದ ಅನಿಲ್, ಉದಯ್ ಲೈಫ್ ಜಾಕೆಟ್ ಕೂಡ ಇಲ್ಲದೆ ನಾಯಕ ವಿಜಯ್ ಜೊತೆ ನೀರಿಗೆ ಹಾರಿದರು. ವಿಜಯ್ ಬದುಕಿದರು, ಅವರಿಬ್ಬರು ಮುಳುಗಿದರು. ಟಿವಿ ಕ್ಯಾಮೆರಾಗಳು ಅಲ್ಲೇ ಇದ್ದವು. ಈಜು ಸರಿಯಾಗಿ ಬಾರದವರು ಹಾರಬೇಕಾದ ಜರೂರು ಚಿತ್ರಕಥೆಗೆ ಇರಲಿಲ್ಲ. ಈಜು ಬಲ್ಲ ಇಬ್ಬರು ಡೂಪ್‌ಗಳು, ನೀರಿನಲ್ಲಿ ಎರಡು ಮೋಟಾರ್ ದೋಣಿ ಸಾಕಾಗಿತ್ತು. ಪ್ರಚಾರಕ್ಕೆ ಮಾತ್ರ ಅದು ಸಾಲುತ್ತಿರಲಿಲ್ಲ.

ಇನ್ನು ಕಸುಬು ಬಲ್ಲವರ ಸಾವುಗಳು. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ‘ಲವ್ ಯು ರಚ್ಚು’ ಚಿತ್ರೀಕರಣದಲ್ಲಿ ಹೈಟೆನ್ಷನ್ ತಂತಿಯ ವಿದ್ಯುತ್ ತಗುಲಿ ಫೈಟರ್ ವಿವೇಕ್ ತೀರಿಕೊಂಡರು. 2022ರ ಡಿಸೆಂಬರ್‌ನಲ್ಲಿ ಚೆನ್ನೈ ಹೊರವಲಯದಲ್ಲಿ ‘ವಿಡುದಲೈ’ ಚಿತ್ರಕ್ಕಾಗಿ ಹಗ್ಗದಲ್ಲಿದ್ದ ಸುರೇಶ್ ಬಿದ್ದರು. 2024ರ ಜುಲೈನಲ್ಲಿ ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದ ಪ್ರಸಾದ್ ಸ್ಟುಡಿಯೊದಲ್ಲಿ ‘ಸರ್ದಾರ್ 2’ಗಾಗಿ ಇಪ್ಪತ್ತಡಿ ಮೇಲಿಂದ ಏಳುಮಲೈ ಬಿದ್ದರು. 2025ರ ಜುಲೈ 13ರಂದು ನಾಗಪಟ್ಟಣಂ ಬಳಿ ‘ವೇಟ್ಟುವಂ’ ಚಿತ್ರದ ಕಾರು ಹಾರಿಸುವ ಶಾಟಿನಲ್ಲಿ ಮೋಹನ್ ರಾಜ್ ಹೋದರು. ಸುರೇಶ್, ಏಳುಮಲೈ, ಮೋಹನ್ ರಾಜ್ ಮೂವರೂ ಐವತ್ತು ದಾಟಿದವರು. ಆ ವಯಸ್ಸಿನಲ್ಲಿ ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು ಹಗ್ಗ ಹತ್ತುವುದು ಹುಮ್ಮಸ್ಸಿಗಲ್ಲ, ಬಾಡಿಗೆಗೆ, ಮಕ್ಕಳ ಫೀಸಿಗೆ.

‘ಅಪಾಯ ಗೊತ್ತಿದ್ದೇ ಬಂದವರಲ್ಲವೇ’ ಅಂತ ಕೇಳುವವರಿದ್ದಾರೆ. ಪರ್ವತದ ಮೇಲೆ ನಿಂತ ಸ್ಕೀಯರ್‌ಗೆ ಆ ಪ್ರಶ್ನೆ ಕೇಳಬಹುದು, ಹಿಂದಕ್ಕೆ ಬರುವ ದಾರಿ ಅವನಿಗಿದೆ. ಮುಂದಿನ ಕಾಲ್ ತಪ್ಪುವ ಭಯದಲ್ಲಿ ನಿಂತವನ ಒಪ್ಪಿಗೆಯನ್ನು ಒಪ್ಪಿಗೆ ಅನ್ನಲಾಗದು. ‘ಗ್ರಾಫಿಕ್ಸ್ ಬಂದಮೇಲೆ ಇದೆಲ್ಲ ತಾನಾಗಿ ನಿಲ್ಲುತ್ತದೆ’ ಅನ್ನುವುದು ಇನ್ನೊಂದು ಸಮಾಧಾನ. ಗ್ರಾಫಿಕ್ಸ್‌ನಿಂದ ಆಗಬೇಕಾದ ಉಪಕಾರ ಒಂದಿದೆ, ನಿಜ. ಪರದೆಯಲ್ಲಿ ಕಂಡೀತೆಂದು ಸಣ್ಣ ತಂತಿಗೆ ಮನುಷ್ಯನನ್ನು ಕಟ್ಟಬೇಕಾದ ಕಾಲ ಹೋಯಿತು. ಎಷ್ಟು ದಪ್ಪ ಹಗ್ಗ ಬೇಕಾದರೂ ಕಟ್ಟಿ, ಎರಡು ಕಟ್ಟಿ, ಕಂಪ್ಯೂಟರಿನಲ್ಲಿ ಅಳಿಸಿಕೊಳ್ಳಿ. ಇಷ್ಟಾದ ಮೇಲೂ ಜನ ಬೀಳುತ್ತಿದ್ದರೆ ದೋಷ ತಂತ್ರಜ್ಞಾನದ್ದಲ್ಲ.

ಕಾನೂನು ಇಲ್ಲವೆಂದೂ ಅಲ್ಲ. ಲಿಖಿತ ಒಪ್ಪಂದವಿಲ್ಲದೆ ಸಿನಿಮಾ ಕಾರ್ಮಿಕರನ್ನು ದುಡಿಸಬಾರದೆಂದು 1981ರಲ್ಲೇ ಕೇಂದ್ರ ಕಾಯ್ದೆ ಮಾಡಿತ್ತು. ಆ ಕಾಯ್ದೆ ಜಾರಿಗೆ ಬಂದ ಮೇಲೆ ನಾನು ವೋಚರ್ ಬರೆದ ಅಷ್ಟೂ ಕಾಲ ಫೈಟರ್ ಕೈಯಲ್ಲಿ ಅಂಥ ಒಪ್ಪಂದ ಪತ್ರ ಒಂದನ್ನೂ ನಾನು ಕಾಣಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಸ್ಟಂಟ್ ಕಲಾವಿದರನ್ನೂ ಒಳಗೊಂಡಿವೆ, ನೇಮಕಾತಿ ಪತ್ರ ಕಡ್ಡಾಯ ಎನ್ನುತ್ತವೆ. ಮುಂಬೈಯಲ್ಲಿ ಅಕ್ಷಯ್ ಕುಮಾರ್ ಸುಮಾರು 650 ಸ್ಟಂಟ್ ಕಲಾವಿದರಿಗೆ ತಮ್ಮ ಖರ್ಚಿನಲ್ಲಿ ವಿಮೆ ಮಾಡಿಸಿದ್ದು ಮೋಹನ್ ರಾಜ್ ಸತ್ತ ಮೇಲೆ ಸುದ್ದಿಯಾಯಿತು. ದೊಡ್ಡ ಮನಸ್ಸು, ಕೈ ಮುಗಿಯುತ್ತೇನೆ. ಆದರೆ ಕೆಲಸ ಕೊಟ್ಟವನು ಕಟ್ಟಬೇಕಾದ ಕಂತನ್ನು ನಟನೊಬ್ಬ ದಾನವಾಗಿ ಕಟ್ಟುವ ಸ್ಥಿತಿ ಉದ್ಯಮಕ್ಕೆ ಶೋಭೆಯಲ್ಲ.

ಕರ್ನಾಟಕ ಸರ್ಕಾರಕ್ಕೆ ಇಲ್ಲಿ ದೆಹಲಿಯ ದಾರಿ ಕಾಯಬೇಕಾಗಿಲ್ಲ. ಮೊದಲನೆಯದಾಗಿ, ಚಿತ್ರಗಳಿಗೆ ಸಹಾಯಧನ ಕೊಡುವಾಗ ಅರ್ಜಿಯ ಜೊತೆ ಫೈಟರ್‌ಗಳ ಹೆಸರುಪಟ್ಟಿ, ಪ್ರತಿಯೊಬ್ಬರ ಒಪ್ಪಂದ, ಚಿತ್ರೀಕರಣದ ದಿನಗಳಿಗೆ ಅನ್ವಯಿಸುವ ವಿಮೆಯ ಪ್ರತಿ ಲಗತ್ತಿಸಬೇಕು ಅನ್ನಲಿ. ಇಲ್ಲದಿದ್ದರೆ ಅರ್ಜಿ ವಾಪಸ್. ಫೈಟರ್ ಚೆನ್ನೈನವನೋ ಚನ್ನಪಟ್ಟಣದವನೋ ಎಂಬುದು ಇಲ್ಲಿ ಮುಖ್ಯವಲ್ಲ, ಕನ್ನಡ ಚಿತ್ರಕ್ಕೆ ಬಿದ್ದವನು ಕನ್ನಡದ ಹೊಣೆ. ಎರಡನೆಯದಾಗಿ, ಸಾಹಸ ದೃಶ್ಯ ಇರುವ ದಿನ ಸೆಟ್ಟಿನಲ್ಲಿ ಒಬ್ಬ ಸುರಕ್ಷತಾ ಅಧಿಕಾರಿ ಇರಲಿ. ಅವನ ಸಂಬಳ ನಿರ್ದೇಶಕನ, ಮಾಸ್ಟರನ ಮರ್ಜಿಯಲ್ಲಿ ಇರಬಾರದು. ಅವನು ಬೇಡ ಎಂದರೆ ಶಾಟ್ ನಿಲ್ಲಬೇಕು, ಆಗ ಫೈಟರ್ ಬಾಯಿಂದ ಬೇಡ ಎನ್ನಿಸುವ ಸಂಕಟ ತಪ್ಪುತ್ತದೆ. ಮೂರನೆಯದಾಗಿ, ಟೈಟಲ್ ಕಾರ್ಡಿನಲ್ಲಿ ‘ಸಾಹಸ’ ಅಂತ ಮಾಸ್ಟರ್ ಹೆಸರು ಬರುತ್ತದಲ್ಲ, ಅದರ ಕೆಳಗೆ ಯಾರ ಬದಲು ಯಾರು ಹಾರಿದರು ಅನ್ನುವುದು ಬರಲಿ. ಹಾಡಿಗೆ ತುಟಿ ಆಡಿಸಿದವರು ಒಬ್ಬರು, ಹಾಡಿದವರು ಇನ್ನೊಬ್ಬರು ಎಂದು ತಿಳಿದು ರಾಜ್‌ಕುಮಾರ್ ಚಿತ್ರಕ್ಕೆ ಪಿ.ಬಿ. ಶ್ರೀನಿವಾಸ್ ಹೆಸರನ್ನು ಪ್ರೀತಿಯಿಂದ ಓದಿದ ಜನ ನಾವು. ಅದರಿಂದ ಅಣ್ಣಾವ್ರ ಗೌರವ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ದುಡ್ಡೆಲ್ಲಿ ಎಂದು ನಿರ್ಮಾಪಕರು ಕೇಳುತ್ತಾರೆ. ಸ್ಟಾರ್‌ಗೆ ಕ್ಯಾರವಾನ್ ತರಿಸುವಾಗ ಏಳದ ಪ್ರಶ್ನೆ ಅದು. ಇರಲಿ, ಸಣ್ಣ ನಿರ್ಮಾಪಕರ ಕಷ್ಟ ನನಗೆ ಗೊತ್ತು. 2024ರಲ್ಲಿ ಕರ್ನಾಟಕ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದವರ ಕ್ಷೇಮಕ್ಕಾಗಿ ಒಂದು ಮಸೂದೆ ಅಂಗೀಕರಿಸಿದೆ. ಟಿಕೆಟ್ ಮೇಲೆ ಶೇ 2ರವರೆಗೆ ಸೆಸ್ ಹಾಕಲು ಅದರಲ್ಲಿ ಅವಕಾಶ ಇದೆ. ಆ ನಿಧಿಯಿಂದ ಮೊದಲ ಪಾಲು ಹೋಗಬೇಕಾದದ್ದು ಮೈಯನ್ನೇ ಬಂಡವಾಳ ಹಾಕುವವರಿಗೆ. ಸಣ್ಣ ಬಜೆಟ್ಟಿನ ಚಿತ್ರಗಳ ವಿಮೆಯ ಕಂತಿಗೆ ಅಲ್ಲಿಂದ ನೆರವು ಕೊಟ್ಟರೆ ಯಾರ ನೆಪವೂ ಉಳಿಯುವುದಿಲ್ಲ.

ಕೊನೆಯ ಮಾತು ಪತ್ರಿಕೆಯವರಿಗೆ, ಅಂದರೆ ಇದನ್ನು ಅಚ್ಚು ಹಾಕುವವರಿಗೂ ಸೇರಿಸಿ. ‘ಡೂಪ್ ಇಲ್ಲದೆ ಹಾರಿದ ಹೀರೊ’ ಎಂಬ ಪ್ರಕಟಣೆ ನಿಮ್ಮ ಮೇಜಿಗೆ ಮತ್ತೆ ಬರುತ್ತದೆ, ಬಹುಶಃ ಇದೇ ವಾರ. ಫೋನ್ ಎತ್ತಿ ನಿರ್ಮಾಪಕರ ಕಚೇರಿಗೆ ಮೂರು ಪ್ರಶ್ನೆ ಕೇಳಿ: ಆ ದಿನ ಸೆಟ್ಟಿನಲ್ಲಿದ್ದ ಫೈಟರ್‌ಗಳು ಯಾರು ಯಾರು, ಅವರ ವಿಮೆ ಯಾವ ಕಂಪನಿಯಲ್ಲಿ, ಶಾಟ್ ನಿಲ್ಲಿಸುವ ಅಧಿಕಾರ ಯಾರಿಗಿತ್ತು. ಉತ್ತರ ಸಿಕ್ಕರೆ ಅದನ್ನೇ ಸುದ್ದಿ ಮಾಡಿ, ನಾಯಕನ ಫೋಟೊ ಜೊತೆಗೇ ಹಾಕಿ, ಅಭ್ಯಂತರವಿಲ್ಲ. ಉತ್ತರ ಸಿಗದಿದ್ದರೆ ಅದೂ ಸುದ್ದಿಯೇ, ಅದನ್ನು ಬರೆಯಿರಿ.